ಓದಿದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಡಿ

ಸದಸ್ಯ ಸಂಖ್ಯೆ ನೂರ ಮೂವತ್ತೆಂಟರವರಿಗೆ,

ಅಲ್ಲ, ಇದು ಕಚೇರಿ ಕಾಗದದ ಧಾಟಿಯಾಯಿತು. ಇನ್ನೊಮ್ಮೆ ಶುರು ಮಾಡುತ್ತೇನೆ.

ಕನ್ನಡಕದವರೇ,

ನಮಸ್ಕಾರ. ಹನ್ನೊಂದು ವರ್ಷವಾದ ಮೇಲೆ ಬಂದ ಕಾಗದ. ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀರಿ. ನಾನು ಗ್ರಂಥಾಲಯದವಳು. ನಿಮ್ಮ ಕನ್ನಡಕದ ಅಂಗಡಿಯ ಎದುರಿನ ಆ ಕಟ್ಟಡದಲ್ಲಿ ಮೊದಲು ಕಸ ಗುಡಿಸಿ, ಆಮೇಲೆ ಮೇಜಿನ ಮೇಲಿನ ಪುಸ್ತಕ ಎತ್ತಿಟ್ಟು, ಆಮೇಲೆ ಒಂದೊಂದೇ ಪರೀಕ್ಷೆ ಪಾಸು ಮಾಡಿ, ಕೊನೆಗೆ ಗ್ರಂಥಪಾಲಕಿ ಅನ್ನಿಸಿಕೊಂಡು ಕೌಂಟರಿನ ಹಿಂದೆ ಕೂತವಳು. ಊರಿನವರೆಲ್ಲ ‘ಏ ಇವಳೇ’ ಎಂದು ಕೂಗುತ್ತಿದ್ದ ಕಾಲದಲ್ಲಿ ನೀವೊಬ್ಬರು ‘ಇವರೇ’ ಎನ್ನುತ್ತಿದ್ದಿರಿ. ಈಗ ಗುರುತು ಸಿಕ್ಕಿರಬೇಕು.

ಕ್ಷೇಮಸಮಾಚಾರ ಆಮೇಲೆ. ಮೊದಲು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸುತ್ತಿ ಬಳಸಿ ಮಾತಾಡಿ ಪುಟ ತುಂಬಿಸುವ ಹೆಂಗಸು ನಾನು. ನೀವು ಊರು ಬಿಟ್ಟ ಮೇಲೂ ನಮ್ಮ ವಿತರಣೆ ರಿಜಿಸ್ಟರಿನಲ್ಲಿ ನೀವು ಪುಸ್ತಕ ಒಯ್ಯುತ್ತಲೇ ಇದ್ದೀರಿ. ವಾರಕ್ಕೆ ಆರು. ವರ್ಷಕ್ಕೆ ಹತ್ತಿರ ಹತ್ತಿರ ಮುನ್ನೂರು. ತಡ ಮಾಡಿದವರಲ್ಲ, ಹಾಳೆ ಹರಿದವರಲ್ಲ, ನಮ್ಮ ಗ್ರಂಥಾಲಯ ಕಂಡ ಅತ್ಯುತ್ತಮ ಸದಸ್ಯರು ನೀವು. ಎಲ್ಲ ಬರೆದವಳು ನಾನು. ಮುದ್ರೆ ಒತ್ತಿದವಳೂ ನಾನು. ನಾಳೆ ಬೆಳಗ್ಗೆ ಹನ್ನೊಂದು ಗಂಟೆಗೆ ಗ್ರಂಥಾಲಯ ಸಮಿತಿಯ ಸಭೆಯಿದೆ, ಅಲ್ಲಿ ಇದನ್ನು ಹೇಳಬೇಕು. ಹೇಳಿದರೆ ನನ್ನ ಕೆಲಸಕ್ಕೆ ಕುತ್ತು, ನಿವೃತ್ತಿಗೆ ಇನ್ನು ಎರಡೇ ವರ್ಷ. ಅದಕ್ಕಿಂತ ದೊಡ್ಡ ಭಯವೆಂದರೆ, ನಿಮ್ಮ ಹೆಸರಿನ ಆಸರೆಯಲ್ಲಿ ಕಪಾಟಿನಲ್ಲಿ ಉಳಿದಿರುವ ಸಾವಿರದ ನೂರ ಹನ್ನೆರಡು ಪುಸ್ತಕಗಳು ಒಂದೇ ಗಾಡಿಯಲ್ಲಿ ರದ್ದಿಗೆ ಹೋಗಬಹುದು. ಆದರೆ ನಿಮ್ಮ ಹೆಸರನ್ನು ಸಭೆಯಲ್ಲಿ ಎತ್ತುವ ಮೊದಲು ನಿಮಗೆ ಹೇಳದಿದ್ದರೆ ಅದು ಇನ್ನೊಂದು ಕಳ್ಳತನ. ಅದಕ್ಕೆ ಈ ಕಾಗದ.

ನಿಜ ಹೇಳಬೇಕೆಂದರೆ ನಾನು ಈಗ ಬರೆಯಬೇಕಾದದ್ದು ಇದಲ್ಲ. ಅಧ್ಯಕ್ಷರು ಒಂದು ಪುಟದ ವರದಿ ಕೇಳಿದ್ದಾರೆ: ‘ವೃತ್ತಿಬಾಂಧವರ ಸಮ್ಮೇಳನದಲ್ಲಿ ಭಾಗವಹಿಸಿದ್ದರಿಂದ ಗ್ರಂಥಾಲಯಕ್ಕಾದ ಪ್ರಯೋಜನ.’ ಬೆಳಗ್ಗೆಯಿಂದ ಮೂರು ಸಲ ಬರೆದು ಮೂರು ಸಲ ಹರಿದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಕೌಂಟರಿನಿಂದ ಕಿಟಕಿಗೆ ಹದಿನಾರು ಹೆಜ್ಜೆ, ಕಿಟಕಿಯಿಂದ ಕೌಂಟರಿಗೆ ಹದಿನೇಳು. ಒಂದು ಹೆಜ್ಜೆ ಎಲ್ಲಿಂದ ಹೆಚ್ಚಾಯಿತೆಂದು ನೋಡಲು ಮತ್ತೆ ಎದ್ದು ನಡೆದೆ. ಪತ್ರಿಕೆ ಓದುತ್ತಿದ್ದ ನಿವೃತ್ತ ಡ್ರೈವರ್ ಕನ್ನಡಕದ ಮೇಲಿನಿಂದ ನೋಡಿ, ‘ಏನಮ್ಮಾ, ಯಾವುದಾದ್ರೂ ಬಸ್ಸು ಬರೋದಿದ್ಯಾ?’ ಎಂದರು. ಬರುವುದಿದೆ ಅಂದೆ.

ಇದೆಲ್ಲ ಎಲ್ಲಿಂದ ಶುರುವಾಯಿತು ಎಂದು ಹಿಂದಕ್ಕೆ ಹೋದರೆ ನಿಮ್ಮ ಅಂಗಡಿಯ ಎತ್ತರದ ಕುರ್ಚಿಗೇ ಹೋಗಿ ನಿಲ್ಲುತ್ತೇನೆ. ಆಗ ಇಪ್ಪತ್ತೇಳು ವರ್ಷ ನನಗೆ. ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲ ಬಳಿ ನಿಂತು ಓದುತ್ತಿದ್ದೆ. ನೀವು ರಸ್ತೆ ದಾಟಿ ಬಂದು ಕೇಳಿದಿರಿ: ‘ಇವರೇ, ಪುಸ್ತಕಾನ ಓದ್ತಿದ್ದೀರೋ, ಮೂಸ್ತಿದ್ದೀರೋ?’ ಅವಮಾನದಿಂದ ನನ್ನ ಕಿವಿ ಬಿಸಿಯಾಯಿತು. ಎಲ್ಲರಿಗೂ ಅಕ್ಷರಗಳು ಹಾಗೆಯೇ, ಇರುವೆ ಸಾಲಿನಂತೆ ಕಾಣುತ್ತವೆ ಎಂದುಕೊಂಡಿದ್ದೆ ನಾನು. ನೀವು ಆ ಕುರ್ಚಿಯಲ್ಲಿ ಕೂರಿಸಿ, ಎದುರಿನ ಹಲಗೆ ತೋರಿಸಿ, ‘ಕೊನೇ ಸಾಲು ಓದೋವರೆಗೂ ಎದ್ದು ಹೋಗೋ ಹಾಗಿಲ್ಲ’ ಎಂದಿರಿ. ಗಾಜು ಬದಲಾಯಿಸುತ್ತ ಹೋದಿರಿ, ನಾನು ಒಂದೊಂದು ಸಾಲು ಕೆಳಗಿಳಿಯುತ್ತ ಹೋದೆ.

ಕನ್ನಡಕ ಹಾಕಿಕೊಂಡು ಗ್ರಂಥಾಲಯಕ್ಕೆ ವಾಪಸು ಬಂದಾಗ ನನಗೆ ಮೊದಲು ಕಂಡದ್ದು ಏನು ಗೊತ್ತೆ? ನಾನೇ ಆಗಷ್ಟೇ ಗುಡಿಸಿದ್ದ ನೆಲದ ಮೇಲಿನ ಕಸ. ಇಷ್ಟು ವರ್ಷ ಇಷ್ಟು ಕೊಳಕಾಗಿ ಗುಡಿಸುತ್ತಿದ್ದೆನಾ ಎಂದು ಅಲ್ಲೇ ಕೂತು ಅತ್ತೆ. ನಿಮಗೆ ಇದನ್ನು ಹೇಳಿರಲಿಲ್ಲ. ಹೇಳದೆ ಇಟ್ಟುಕೊಂಡದ್ದು ಇದೊಂದೇ ಅಲ್ಲ.

ಪ್ರತಿ ಶನಿವಾರ ಸಂಜೆ ಐದೂವರೆಗೆ ಬರುತ್ತಿದ್ದಿರಿ. ಮರಳಿಸುವ ಪುಸ್ತಕದ ರಟ್ಟನ್ನು ಗಾಜು ಒರೆಸುವ ಬಟ್ಟೆಯಿಂದ ಒರೆಸಿ ಕೊಡುತ್ತಿದ್ದಿರಿ. ಹೊಸ ಪುಸ್ತಕ ಆರಿಸುವಾಗ ನಿಮ್ಮದೊಂದು ವಿಚಿತ್ರ ಪದ್ಧತಿ: ಮುಂದಿನ ಹಾಳೆಯ ದಿನಾಂಕದ ಚೀಟಿ ನೋಡಿ, ಯಾವುದರ ಮೇಲೆ ಮುದ್ರೆಯೇ ಬಿದ್ದಿಲ್ಲವೋ ಅದನ್ನು ಎತ್ತಿಕೊಳ್ಳುವುದು. ‘ಪಾಪ, ಇದನ್ನ ಇಷ್ಟು ವರ್ಷದಲ್ಲಿ ಯಾರೂ ಮನೆಗೆ ಕರೆದೇ ಇಲ್ಲ. ನಾನಾದ್ರೂ ಕರ್ಕೊಂಡು ಹೋಗ್ತೀನಿ’ ಎನ್ನುತ್ತಿದ್ದಿರಿ. ನನ್ನ ಇಪ್ಪತ್ತು ಮೂವತ್ತು ಶನಿವಾರಗಳು ಆ ಮಾತಿನ ಸುತ್ತಲೇ ತಿರುಗಿವೆ. ಮದುವೆಯ ವಯಸ್ಸು ದಾಟಿದ ಹೆಂಗಸು ಅಂಥ ಮಾತನ್ನು ಪುಸ್ತಕಕ್ಕೆ ಮಾತ್ರ ಹೇಳಿದ್ದೆಂದು ಹೇಗೆ ನಂಬುತ್ತಾಳೆ ಹೇಳಿ. ಹೋಗಲಿ ಬಿಡಿ.

ನಿಮ್ಮ ತಂಗಿಗೆ ಹುಷಾರಿಲ್ಲವೆಂದು ಅಂಗಡಿ ಮುಚ್ಚಿ ಅವರ ಊರಿಗೆ ಹೊರಟ ದಿನ ನೀವು ಬಂದು ನಾಲ್ಕೂ ಪುಸ್ತಕ ಮರಳಿಸಿ, ಹೊಸ ವಿಳಾಸವನ್ನು ಕಾರ್ಡಿನ ಹಿಂದೆ ನೀವೇ ಬರೆದಿರಿ. ‘ಕಾರ್ಡು ರದ್ದು ಮಾಡಬೇಡಿ ಇವರೇ. ಬರ್ತೀನಿ’ ಎಂದಿರಿ. ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದದ್ದು: ‘ನಿಯಮದ ಪ್ರಕಾರ ವರ್ಷಕ್ಕೆ ಒಂದಾದ್ರೂ ಪುಸ್ತಕ ತಗೊಂಡಿರಬೇಕು. ಇಲ್ಲಾಂದ್ರೆ ಕಾರ್ಡು ತಾನಾಗೇ ರದ್ದಾಗತ್ತೆ.’ ನೀವು ನಕ್ಕು ತಲೆಯಾಡಿಸಿ ಹೋದಿರಿ. ಊರಿಗೆಲ್ಲ ಮಾತು ಹೇಳುವ ಬಾಯಿ ನನ್ನದು, ಬೇಕಾದಾಗ ನಿಯಮ ಒಪ್ಪಿಸಿತು.

ವರ್ಷ ತುಂಬುವ ಹಿಂದಿನ ದಿನ ನಿಮ್ಮ ಕಾರ್ಡಿಗೆ ಒಂದು ಪುಸ್ತಕ ಬರೆದು ಮುದ್ರೆ ಒತ್ತಿದೆ. ಮಾರನೆಯ ವಾರ ಮರಳಿ ಬಂತೆಂದು ಬರೆದೆ. ಅಷ್ಟೇ. ಕಾರ್ಡು ಜೀವದಿಂದಿರಲಿ ಎಂದು. ನನ್ನ ತಂಗಿ, ಗೊತ್ತಲ್ಲ, ಮನೆಯಲ್ಲೇ ಹೊಲಿಗೆ ಮಾಡುವವಳು, ನಾಲಗೆ ಕತ್ತರಿಗಿಂತ ಹರಿತ, ಅವಳಿಗೆ ಬಾಯಿಬಿಟ್ಟು ಹೇಳಿದಾಗ ಸೂಜಿ ಹಲ್ಲಲ್ಲಿ ಕಚ್ಚಿಕೊಂಡೇ ಅಂದಳು: ‘ಬೇರೆಯವರು ಫೋಟೋ ಇಟ್ಕೊಳ್ತಾರೆ, ನೀನು ಕಾರ್ಡು ಇಟ್ಕೊಂಡಿದ್ದೀಯ. ಅಗ್ಗದ ವ್ಯವಹಾರ.’

ಮೂರು ವರ್ಷ ಹೀಗೆ ವರ್ಷಕ್ಕೊಂದು ಸುಳ್ಳಿನಲ್ಲಿ ಸಾಗಿತು. ಆಮೇಲೆ ಆ ಸುತ್ತೋಲೆ ಬಂತು: ಐದು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳನ್ನು ಪಟ್ಟಿ ಮಾಡಿ ರದ್ದಿಗೆ ಹಾಕುವುದು. ಪಟ್ಟಿ ಮಾಡಿದೆ. ಸಾವಿರದ ನೂರ ಹನ್ನೆರಡು. ನೋಡಿದರೆ ಅರ್ಧಕ್ಕರ್ಧ ನೀವು ‘ಕರ್ಕೊಂಡು’ ಹೋಗಿದ್ದವು. ಕೊನೆಯ ಮುದ್ರೆ ನಿಮ್ಮದೇ. ಪಟ್ಟಿಯನ್ನು ಡ್ರಾಯರಿಗೆ ತಳ್ಳಿ, ನಿಮ್ಮ ಕಾರ್ಡನ್ನು ಹೊರಗೆ ತೆಗೆದೆ. ವಾರಕ್ಕೆ ಆರರಂತೆ ಸರದಿ ಹಾಕಿದರೆ ನಾಲ್ಕು ವರ್ಷದೊಳಗೆ ಎಲ್ಲಕ್ಕೂ ಒಂದೊಂದು ಮುದ್ರೆ ಬೀಳುತ್ತದೆ, ಐದು ತುಂಬುವ ಪ್ರಶ್ನೆಯೇ ಇಲ್ಲ. ಲೆಕ್ಕ ಚೊಕ್ಕವಾಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಷ್ಟು ಚೊಕ್ಕವಾಗಿತ್ತು.

ಒಂದು ನಿಯಮ ಮಾತ್ರ ಇಟ್ಟುಕೊಂಡೆ. ಮುದ್ರೆ ಬಿದ್ದ ಪುಸ್ತಕದಲ್ಲಿ ಹತ್ತು ಪುಟವನ್ನಾದರೂ ನಾನು ಓದಲೇಬೇಕು. ಪೂರ್ತಿ ಸುಳ್ಳಾಗಬಾರದಲ್ಲ. ಹಾಗೆ ಜೇನು ಸಾಕುವುದು ಹತ್ತು ಪುಟ, ಕಮಾನು ಸೇತುವೆ ಕಟ್ಟುವುದು ಹತ್ತು ಪುಟ, ಹಡಗು ಒಡೆದು ದ್ವೀಪ ಸೇರಿದವರ ಕಥೆ ಹತ್ತು ಪುಟ, ಹೀಗೆ ಎಂಟು ವರ್ಷದಲ್ಲಿ ಜಗತ್ತಿನ ಸಕಲ ವಿಷಯದ ಮೊದಲ ಹತ್ತು ಪುಟ ನನಗೆ ಗೊತ್ತು. ದ್ವೀಪದವರು ಆಮೇಲೆ ಏನಾದರೋ ಗೊತ್ತಿಲ್ಲ.

ಈಗ ಸಮ್ಮೇಳನಕ್ಕೆ ಬರುತ್ತೇನೆ. ಹೋದ ತಿಂಗಳು ಗ್ರಂಥಪಾಲಕರ ಸಂಘದಿಂದ ಆಮಂತ್ರಣ ಬಂತು, ನಮ್ಮ ಗ್ರಂಥಾಲಯದ ಬಗ್ಗೆ ಒಂದು ಪ್ರಬಂಧ ಓದುತ್ತಾರಂತೆ, ಗ್ರಂಥಪಾಲಕರು ಬರಲೇಬೇಕಂತೆ. ಅಧ್ಯಕ್ಷರು ಉಬ್ಬಿಹೋದರು. ನಾನು ಎರಡು ದಿನ ಮುದ್ರೆಯ ಮಸಿ ಮುಟ್ಟದೆ ಇರಬಹುದಲ್ಲ ಎಂದು ಹೊರಟೆ. ಮೂವತ್ತನಾಲ್ಕು ವರ್ಷದ ಕೆಲಸದಲ್ಲಿ ನನ್ನಂಥವರು ಇನ್ನೂ ಇದ್ದಾರೆಂದು ಕಣ್ಣಾರೆ ನೋಡಲು ಹೋದದ್ದು ಇದೇ ಮೊದಲು.

ದೊಡ್ಡ ಸಭಾಂಗಣ. ಬಾಗಿಲಲ್ಲೇ ಒಂದು ಬಟ್ಟೆಯ ಚೀಲ, ಎಂಟು ಹಾಳೆಯ ನೋಟುಪುಸ್ತಕ, ಬರೆಯದ ಒಂದು ಪೆನ್ನು, ಕೊರಳಿಗೆ ‘ಪ್ರತಿನಿಧಿ’ ಎಂಬ ಬಿಲ್ಲೆ. ಮುನ್ನೂರ ಅರವತ್ತು ಕುರ್ಚಿ, ಎಣಿಸಿದೆ. ಹಿಂದಿನ ನಾಲ್ಕು ಸಾಲು ಮೊದಲು ತುಂಬಿದವು, ಮುಂದಿನ ನಾಲ್ಕು ಸಾಲು ತುಂಬಲೇ ಇಲ್ಲ. ವೇದಿಕೆಯ ಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದು ಇನ್ನು ಹತ್ತು ವರ್ಷದಲ್ಲಿ ನಾವ್ಯಾರೂ ಬೇಕಾಗುವುದಿಲ್ಲ ಎಂದು ಬಹಳ ಉತ್ಸಾಹದಿಂದ ವಿವರಿಸಿದರು. ನಾವು ಚಪ್ಪಾಳೆ ತಟ್ಟಿದೆವು.

ಪಕ್ಕದ ಕುರ್ಚಿಯವಳು ಇನ್ನೊಂದು ಸಣ್ಣ ಊರಿನ ಗ್ರಂಥಪಾಲಕಿ. ನನ್ನ ವಯಸ್ಸಿನವಳೇ, ಒಂದೆರಡು ವರ್ಷ ದೊಡ್ಡವಳಿರಬೇಕು. ಅವಳಿಗೆ ಪಿಸುಗುಟ್ಟಲು ಬರುವುದಿಲ್ಲ. ‘ಮೂವತ್ತು ವರ್ಷದಿಂದ ಎಲ್ಲರಿಗೂ ಮೆತ್ತಗೆ ಮಾತಾಡಿ ಮೆತ್ತಗೆ ಮಾತಾಡಿ ಅಂತ ಕೂಗೀ ಕೂಗೀ ನನ್ನ ಗಂಟಲು ಹೀಗಾಯ್ತು’ ಎಂದಳು. ಮುಂದಿನ ಮೂರು ಸಾಲು ತಿರುಗಿ ನೋಡಿತು. ಮಧ್ಯಾಹ್ನದೊಳಗೆ ಎಲ್ಲರ ಬಾಯಲ್ಲೂ ಅವಳು ಮೈಕಕ್ಕ.

ಎರಡನೆಯ ದಿನ ಬೆಳಗ್ಗೆ ಒಬ್ಬ ಸಂಶೋಧಕಿ ವೇದಿಕೆ ಹತ್ತಿದಳು. ನೋಡಿದ ಮುಖ. ಹೋದ ವರ್ಷ ಐದು ದಿನ ನಮ್ಮಲ್ಲಿ ಕೂತು ರಿಜಿಸ್ಟರುಗಳ ಫೋಟೋ ತೆಗೆದುಕೊಂಡು ಹೋದ ಹುಡುಗಿ. ಹಳೆಯ ಕಟ್ಟಡದ ಇತಿಹಾಸಕ್ಕೆ ಬಂದವಳೆಂದುಕೊಂಡು ನೀರು ಕೊಟ್ಟು ಉಪಚರಿಸಿದ್ದೆ. ಅವಳ ಹಿಂದಿನ ಬಿಳಿ ಪರದೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬಂತು: ‘ಸದಸ್ಯ ಸಂಖ್ಯೆ 138.’

ಕನ್ನಡಕದವರೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೊರಳಿನ ಬಿಲ್ಲೆಯನ್ನು ತಿರುಗಿಸಿ ಹಾಕಿಕೊಂಡೆ.

ಅವಳು ನಿಮ್ಮನ್ನು ಹೊಗಳಿದಳು. ಹೇಗೆ ಹೊಗಳಿದಳೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ‘ಈ ಓದುಗರಿಗೆ ವಿಷಯದ ಗಡಿ ಇಲ್ಲ. ಜೇನು ಆದ ಮೇಲೆ ಸೇತುವೆ, ಸೇತುವೆ ಆದ ಮೇಲೆ ಸಮುದ್ರ. ಯಾರೂ ಮುಟ್ಟದ ಪುಸ್ತಕಗಳನ್ನೇ ಹುಡುಕಿ ಹುಡುಕಿ ಓದ್ತಾರೆ. ಸಣ್ಣ ಊರಲ್ಲಿ ಗ್ರಂಥಾಲಯ ಯಾಕೆ ಬೇಕು ಅಂತ ಕೇಳೋರಿಗೆ ಈ ಒಬ್ಬರೇ ಉತ್ತರ’ ಎಂದಳು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಮೈಕಕ್ಕ ಎದ್ದು ನಿಂತೇ ತಟ್ಟಿದಳು. ನನ್ನ ಕೈಗಳು ಮಾತ್ರ ಮಡಿಲು ಬಿಟ್ಟು ಏಳಲಿಲ್ಲ. ಅವಳು ಹೇಳಿದ್ದು ಸುಳ್ಳು ಎನ್ನಲು ಆಗುವುದಿಲ್ಲ, ಅದು ನೀವೇ. ನಿಜ ಎನ್ನಲೂ ಆಗುವುದಿಲ್ಲ, ಆ ಮುದ್ರೆಗಳಲ್ಲಿ ಒಂದೂ ನಿಮ್ಮದಲ್ಲ.

ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಮೈಕಕ್ಕ ನನ್ನ ಮುಖ ನೋಡಿ, ‘ಏನಾಯ್ತೇ?’ ಅಂದಳು. ಯಾಕೋ, ಎರಡು ದಿನದ ಪರಿಚಯದವಳ ಹತ್ತಿರ ಎಂಟು ವರ್ಷದ ಗುಟ್ಟು ಬಾಯಿಬಿಟ್ಟೆ. ಬೈಯುತ್ತಾಳೆಂದುಕೊಂಡರೆ ಅವಳು ಗಹಗಹಿಸಿ ನಕ್ಕಳು. ‘ಅಯ್ಯೋ, ನಮ್ಮಲ್ಲಿ ಸತ್ತುಹೋದ ಪೋಸ್ಟ್‌ಮಾಸ್ಟರು ಆರು ವರ್ಷ ಓದಿದ್ರು ಕಣೇ! ಬದುಕಿದ್ದಾಗ ಒಂದಿನ ಪುಸ್ತಕ ಮುಟ್ಟಿದೋರಲ್ಲ!’ ಸಾಲಿನಲ್ಲಿದ್ದ ಇಪ್ಪತ್ತು ಮೂವತ್ತು ಗ್ರಂಥಪಾಲಕರು ತಿರುಗಿದರು. ಅರ್ಧ ಜನ ನಕ್ಕರು. ಇನ್ನರ್ಧ ಜನ ತಟ್ಟೆಯ ಕಡೆ ನೋಡಿಕೊಂಡರು. ಆ ಎರಡನೆಯ ಅರ್ಧವನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಗೆ ಹೇಳಲಿ!

ಆಮೇಲೆ ಅವಳು ಗಂಭೀರಳಾದಳು. ‘ನಿನ್ನಲ್ಲಿ ಕೂತು ಓದೋರು ಓದಿದ ಪುಸ್ತಕಾನ ಎಲ್ಲಿ ಬಿಡ್ತಾರೆ?’

‘ಬಿಡಲ್ಲ. ನನ್ನಲ್ಲಿ ಶಿಸ್ತು. ಓದಿದ ಪುಸ್ತಕವನ್ನು ಸ್ವಸ್ಥಾನದಲ್ಲೇ ಇಡಿ ಅಂತ ದೊಡ್ಡ ಬೋರ್ಡು ಬರೆಸಿದ್ದೀನಿ. ಇಪ್ಪತ್ತೆರಡು ವರ್ಷವಾಯ್ತು’ ಎಂದೆ, ಹೆಮ್ಮೆಯಿಂದಲೇ.

‘ಹಾಗಾದ್ರೆ ನಿನ್ನ ಓದುಗರನ್ನ ನಿನ್ನ ಬೋರ್ಡೇ ನುಂಗಿದೆ. ಮನೆಗೆ ಒಯ್ದದ್ದು ಮಾತ್ರ ನಿನಗೆ ಲೆಕ್ಕ. ಅಲ್ಲೇ ಓದಿ ಅಲ್ಲೇ ಇಟ್ಟು ಹೋದದ್ದು ನಿನಗೆ ಹೇಗೆ ಗೊತ್ತಾಗಬೇಕು? ಮೇಜಿನ ಮೇಲೇ ಬಿಟ್ಟು ಹೋಗಿ ಅನ್ನು. ಸಂಜೆ ಎಣಿಸು. ಒಂದು ತಿಂಗಳು ಎಣಿಸು. ಆಮೇಲೆ ನಿನ್ನ ಪಾಲಿನ ಪೋಸ್ಟ್‌ಮಾಸ್ಟರನ್ನ ನೆಮ್ಮದಿಯಾಗಿ ಮಣ್ಣು ಮಾಡು.’

ವೇದಿಕೆಯಿಂದ ಎರಡು ದಿನ ಕೇಳಿದ್ದರಲ್ಲಿ ಒಂದು ಮಾತೂ ನೆನಪಿಲ್ಲ. ಊಟದ ಸಾಲಿನ ಈ ಮಾತು ಮಾತ್ರ ಹೊಟ್ಟೆಯೊಳಗೆ ಇಳಿದು ಕೂತಿತು. ನಾನು ಬೋರ್ಡು ಬರೆಸಿದ್ದು ಯಾಕೆ ಗೊತ್ತೆ? ಪುಸ್ತಕ ಎತ್ತಿಡುವ ಕೆಲಸದಲ್ಲಿ ಎಂಟು ವರ್ಷ ನನ್ನ ಸೊಂಟ ಬಿದ್ದುಹೋಗಿತ್ತು. ಗ್ರಂಥಪಾಲಕಿಯಾದ ಮರುದಿನವೇ ಮಾಡಿದ ಮೊದಲ ಸುಧಾರಣೆ ಅದು.

ಚಹಾದ ಹೊತ್ತಿಗೆ ಆ ಸಂಶೋಧಕಿಯೇ ನನ್ನನ್ನು ಹುಡುಕಿಕೊಂಡು ಬಂದಳು. ‘ಅಮ್ಮಾ, ಅವರ ವಿಳಾಸ ಬೇಕಿತ್ತು. ಮುಂದಿನ ವರ್ಷದ ಸಮ್ಮೇಳನದಲ್ಲಿ ಅವರನ್ನೇ ವೇದಿಕೆಗೆ ಕರೆಸಬೇಕು ಅಂತಿದ್ದೀವಿ’ ಎಂದಳು. ವಿಳಾಸ ನನಗೆ ಬಾಯಿಪಾಠ. ನಿಮ್ಮ ಅಕ್ಷರದಲ್ಲಿ, ‘ಕೇರಾಫ್ ತಂಗಿ’ ಎಂದು ಶುರುವಾಗುವ ನಾಲ್ಕು ಸಾಲು. ಇನ್ನೊಂದು ಸುಳ್ಳು ಹೇಳಬಹುದಿತ್ತು. ತೀರಿಕೊಂಡರು ಅಂದಿದ್ದರೆ ಮುಗಿಯುತ್ತಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. ಅದೊಂದನ್ನು ಹೇಳಲಾರದೆ ನಿಜ ಹೇಳಿದೆ. ಧೈರ್ಯವೆಂದು ತಿಳಿಯಬೇಡಿ. ನಿಮ್ಮನ್ನು ಸಾಯಿಸುವ ಧೈರ್ಯ ಇರಲಿಲ್ಲ, ಅಷ್ಟೇ.

ಹುಡುಗಿ ಲೋಟ ಕೆಳಗಿಟ್ಟಳು. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಕಣ್ಣು ತುಂಬಿಕೊಂಡಳು. ‘ನಾನು ಅವರ ಮೇಲೆ ಒಂದು ಅಧ್ಯಾಯ ಪೂರ್ತಿ ಬರೆದಿದ್ದೀನಿ ಅಮ್ಮಾ. ಒಂದು ವರ್ಷದ ಕೆಲಸ. ನಮ್ಮಪ್ಪನಿಗೆ ಅವರ ಕಥೆ ಹೇಳಿದ್ದೀನಿ.’ ಆಮೇಲೆ ಮೂಗು ಒರೆಸಿಕೊಂಡು ಅಂದಳು: ‘ತಿದ್ದುಪಡಿ ಬರೀಲೇಬೇಕು. ನಿಮ್ಮ ಸಮಿತಿಗೂ ಒಂದು ಪ್ರತಿ ಹೋಗತ್ತೆ. ನನ್ನ ಕಾಗದ ತಲುಪೋ ಮೊದಲು ನೀವೇ ಹೇಳಿಬಿಟ್ರೆ ಒಳ್ಳೇದು. ಒಂದು ತಿಂಗಳು ಕಾಯ್ತೀನಿ.’

ಆ ತಿಂಗಳು ನಾಳೆಗೆ ಮುಗಿಯುತ್ತದೆ.

ಊರಿಗೆ ಬಂದವಳೇ ಏಣಿ ಹಾಕಿ ಬೋರ್ಡು ಇಳಿಸಿದೆ. ಹಿಂದಿನ ಗೋಡೆ ಇಪ್ಪತ್ತೆರಡು ವರ್ಷದ ಹಿಂದಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಅಲ್ಲಿ ಹೊಸ ರಟ್ಟು ಅಂಟಿಸಿದೆ: ‘ಓದಿದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಡಿ.’ ಆದರೆ ಕಲಿಸಿದ ಶಿಸ್ತು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಡ್ರೈವರ್ ಎದ್ದು ಪುಸ್ತಕ ಕಪಾಟಿಗೆ ತಳ್ಳುತ್ತಿದ್ದರೆ ‘ಬಿಡ್ರೀ ಅಲ್ಲೇ!’ ಎಂದು ಕೂಗಿದೆ. ಅವರು ಬೆಚ್ಚಿಬಿದ್ದು, ‘ಏನಮ್ಮಾ ಇದು! ಹೋದ ವಾರದವರೆಗೂ ಯಾಕೆ ಇಡಲಿಲ್ಲ ಅಂತ ಬೈತಿದ್ರಿ, ಈಗ ಯಾಕೆ ಇಟ್ರಿ ಅಂತ ಬೈತೀರಿ. ಸಮ್ಮೇಳನದಲ್ಲಿ ತಲೆಗೇನಾದ್ರೂ ಏಟು ಬಿತ್ತಾ?’ ಎಂದರು. ಬಿತ್ತು ಅಂದೆ.

ಮೊದಲ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮೇಜುಗಳ ಮೇಲೆ ನಲವತ್ತೊಂದು ಪುಸ್ತಕ. ಪಟ್ಟಿ ತೆಗೆದು ತಾಳೆ ನೋಡಿದೆ. ಅದರಲ್ಲಿ ಹದಿಮೂರು ನನ್ನ ಸಾಯುವ ಪಟ್ಟಿಯವು! ಜೇನಿನ ಪುಸ್ತಕ ಕಿಟಕಿಯ ಪಕ್ಕದ ಮೇಜಿನ ಮೇಲೆ ಬೋರಲಾಗಿ ಮಲಗಿತ್ತು. ಯಾರೋ ನೂರ ಆರನೆಯ ಪುಟದವರೆಗೆ ಓದಿದ್ದರು. ನಾನು ಹತ್ತರಲ್ಲೇ ನಿಂತವಳು.

ಯಾರು ಓದುತ್ತಾರೆಂದು ಮರುದಿನದಿಂದ ಕಣ್ಣಿಟ್ಟೆ. ನಿಮ್ಮ ಅಂಗಡಿ ಇದ್ದಲ್ಲಿ ಈಗ ರಕ್ತಪರೀಕ್ಷೆಯ ಲ್ಯಾಬು ಬಂದಿದೆ. ರಕ್ತ ಕೊಟ್ಟವರು ಫಲಿತಾಂಶಕ್ಕೆ ಎರಡು ಮೂರು ಗಂಟೆ ಕಾಯಬೇಕು. ಅಲ್ಲಿ ಎರಡೇ ಬೆಂಚು. ಮಿಕ್ಕವರು ರಸ್ತೆ ದಾಟಿ ನಮ್ಮಲ್ಲಿಗೆ ಬಂದು ಕೂರುತ್ತಾರೆ. ಫ್ಯಾನಿನ ಗಾಳಿಗೆ ಬರುತ್ತಾರೆಂದೇ ನಾನು ತಿಳಿದಿದ್ದೆ, ಒಳಗೊಳಗೆ ಗೊಣಗುತ್ತಲೂ ಇದ್ದೆ. ಬೇರೆ ಬೇರೆ ಊರಿನವರು, ನಮ್ಮ ಸದಸ್ಯರಾಗುವಂತಿಲ್ಲ, ಮನೆಗೆ ಒಯ್ಯುವಂತಿಲ್ಲ. ಲ್ಯಾಬಿನಿಂದ ಬರುವ ಕಾಗದದಲ್ಲಿ ಏನಿರುತ್ತದೋ ಎಂದು ಎದೆ ಹೊಡೆದುಕೊಳ್ಳುತ್ತಿರುವಾಗ ಕೈಗೆ ಸಿಕ್ಕಿದ ಪುಸ್ತಕ ತೆರೆಯುತ್ತಾರೆ, ಓದುತ್ತಾರೆ, ಬೋರ್ಡು ನೋಡಿ ತೆಗೆದಲ್ಲೇ ಇಟ್ಟು ಹೋಗುತ್ತಾರೆ. ತಿಂಗಳಿಗೊಮ್ಮೆ ಬಂದು ಹೋದ ಸಲ ಬಿಟ್ಟ ಪುಟದಿಂದ ಮುಂದುವರಿಸುತ್ತಾರೆ. ಜೇನಿನವಳು ಮಗಳನ್ನು ಕರೆದುಕೊಂಡು ಬರುವ ಹೆಂಗಸು. ‘ನಾಲ್ಕು ವರ್ಷದಿಂದ ಇಲ್ಲೇ ಓದ್ತಿದ್ದೀನಿ ಮೇಡಂ. ಪ್ರತಿ ಸಲ ಬರುವಾಗ್ಲೂ ಆ ಪುಸ್ತಕ ಇರತ್ತೋ ಇಲ್ವೋ ಅಂತ ಭಯ’ ಎಂದಳು.

ಆ ಮಾತು ನನ್ನನ್ನು ಎರಡೂ ಕಡೆಯಿಂದ ಹೊಡೆಯಿತು. ನಿಮ್ಮ ಹೆಸರಿನ ಕಳ್ಳ ಮುದ್ರೆ ಇಲ್ಲದಿದ್ದರೆ ಆ ಪುಸ್ತಕ ಅಲ್ಲಿ ಇರುತ್ತಲೇ ಇರಲಿಲ್ಲ. ಕಳ್ಳ ಮುದ್ರೆ ಇದ್ದದ್ದರಿಂದಲೇ ನಾನು ಅವಳನ್ನು ಒಂದು ದಿನವೂ ತಲೆಯೆತ್ತಿ ನೋಡಲಿಲ್ಲ. ಇದನ್ನು ಯಾವ ಕಡೆಯ ಪಟ್ಟಿಗೆ ಬರೆಯಲಿ, ಲಾಭಕ್ಕೋ ನಷ್ಟಕ್ಕೋ? ನೀವು ಕೊಟ್ಟ ಕನ್ನಡಕದಲ್ಲಿ ಅಕ್ಷರ ಕಂಡಿತು, ಕಸ ಕಂಡಿತು. ಹದಿನಾರು ಹೆಜ್ಜೆ ದೂರದಲ್ಲಿ ಕೂತ ಮನುಷ್ಯರು ಕಾಣಲಿಲ್ಲ.

ತಿಂಗಳ ಎಣಿಕೆ ನಿನ್ನೆಗೆ ಮುಗಿಯಿತು. ಸಾವಿರದ ನೂರ ಹನ್ನೆರಡರಲ್ಲಿ ಇನ್ನೂರ ಎಂಬತ್ತಮೂರು ಮೇಜಿಗೆ ಬಂದಿವೆ. ಎಂಟುನೂರ ಇಪ್ಪತ್ತೊಂಬತ್ತನ್ನು ಯಾರೂ ಮುಟ್ಟಿಲ್ಲ. ದ್ವೀಪದ ಕಥೆಯನ್ನೂ ಮುಟ್ಟಿಲ್ಲ. ಆಸೆಗೆ ಒಂದೆರಡನ್ನು ನಾನೇ ಮೇಜಿನ ಮೇಲೆ ಇಟ್ಟುಬಿಡೋಣವೆಂದು ಕೈ ಮುಂದೆ ಹೋಗಿತ್ತು. ಹಿಂದಕ್ಕೆ ಎಳೆದುಕೊಂಡೆ. ರೂಢಿ ನೋಡಿ, ಎಷ್ಟು ಆಳಕ್ಕೆ ಇಳಿದಿದೆ!

ತಂಗಿ ಬೆಳಗ್ಗೆಯೇ ಅಂದಿದ್ದಾಳೆ: ‘ಎರಡು ವರ್ಷ ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂತಿದ್ರೆ ಆಗಿತ್ತು. ಆ ಹುಡುಗಿ ಕಾಗದ ಬಂದಾಗ ಅಳೋಣ, ಮುಂಚೆಯೇ ಯಾಕೆ?’ ಹಾಗೆಂದವಳೇ ನಾಳೆ ಉಟ್ಟುಕೊಂಡು ಹೋಗಲು ನನ್ನ ಸೀರೆಗೆ ಇಸ್ತ್ರಿ ಹಾಕಿಟ್ಟಿದ್ದಾಳೆ.

ವರದಿ ನಾಲ್ಕನೆಯ ಸಲ ಬರೆದು ಮುಗಿಸಿದೆ. ಪ್ರಯೋಜನಗಳು ಎಂಬ ತಲೆಬರಹದ ಕೆಳಗೆ ಮೊದಲ ಸಾಲು: ‘ಕಳೆದ ಎಂಟು ವರ್ಷಗಳ ವಿತರಣೆ ಅಂಕಿಗಳು ಸರಿಯಿಲ್ಲವೆಂದೂ ಅದಕ್ಕೆ ನಾನೊಬ್ಬಳೇ ಹೊಣೆಯೆಂದೂ ಒಪ್ಪಿಕೊಳ್ಳುವ ಬುದ್ಧಿ ಬಂದಿದೆ.’ ಮಿಕ್ಕದ್ದು ಇನ್ನೂರ ಎಂಬತ್ತಮೂರರ ಪಟ್ಟಿ. ಕಾಗದವನ್ನು ಇಲ್ಲಿಗೆ ನಿಲ್ಲಿಸಿರುತ್ತೇನೆ. ಸಭೆ ಆದ ಮೇಲೆ ಮುಗಿಸಿ ಅಂಚೆಗೆ ಹಾಕುತ್ತೇನೆ.

ಮಾರನೆಯ ದಿನ, ಮಧ್ಯಾಹ್ನ ಮೂರು ಗಂಟೆ.

ಆಯಿತು. ಅಧ್ಯಕ್ಷರು ವರದಿಯನ್ನು ಗಟ್ಟಿಯಾಗಿ ಓದಲು ಶುರು ಮಾಡಿ, ಮೊದಲ ಸಾಲು ಮುಗಿಯುವಷ್ಟರಲ್ಲಿ ದನಿ ತಗ್ಗಿಸಿ, ಮಿಕ್ಕದ್ದನ್ನು ಮನಸ್ಸಿನಲ್ಲೇ ಓದಿಕೊಂಡರು. ‘ಪ್ರಯೋಜನ ಬರೀರಿ ಅಂದ್ರೆ ತಪ್ಪೊಪ್ಪಿಗೆ ಬರ್ಕೊಂಡು ಬಂದಿದ್ದೀರಲ್ಲಮ್ಮಾ! ನಿಮ್ಮನ್ನ ಕಳಿಸಲೇಬಾರದಿತ್ತು’ ಎಂದರು. ಒಬ್ಬ ಸದಸ್ಯರು ಇವತ್ತೇ ಕೆಲಸದಿಂದ ತೆಗೆಯಬೇಕೆಂದರು. ಇನ್ನೊಬ್ಬರು, ಊರಿನ ಮುದ್ರಣಾಲಯದವರು, ಪಟ್ಟಿಯನ್ನು ತಿರುವಿ ಹಾಕಿ, ‘ಅಲ್ಲ, ಈ ಲ್ಯಾಬಿನ ಜನ ಇಷ್ಟೊಂದು ಓದ್ತಾರಾ?’ ಎಂದು ಮೂರು ಸಲ ಕೇಳಿದರು. ಮೂರು ಸಲವೂ ಹೌದು ಅಂದೆ. ನನ್ನನ್ನು ಹೊರಗೆ ಕೂರಿಸಿ ಒಂದೂಕಾಲು ಗಂಟೆ ಮಾತಾಡಿಕೊಂಡರು. ಆ ಬಾಗಿಲ ಮುಂದೆ ನಾನು ಎಷ್ಟು ಹೆಜ್ಜೆ ಹಾಕಿದೆನೋ, ಮೊದಲ ಬಾರಿಗೆ ಎಣಿಕೆ ತಪ್ಪಿತು.

ತೀರ್ಮಾನ ಹೀಗೆ: ಮೇಜಿಗೆ ಬಂದ ಇನ್ನೂರ ಎಂಬತ್ತಮೂರು ಉಳಿಯುತ್ತವೆ. ಮಿಕ್ಕ ಎಂಟುನೂರ ಇಪ್ಪತ್ತೊಂಬತ್ತಕ್ಕೆ ಆರು ತಿಂಗಳ ಗಡುವು, ಆಮೇಲೂ ಯಾರೂ ಮುಟ್ಟದಿದ್ದರೆ ರದ್ದಿಗೆ. ಸದಸ್ಯ ಸಂಖ್ಯೆ ನೂರ ಮೂವತ್ತೆಂಟು ರದ್ದು. ನನಗೆ ಲಿಖಿತ ಎಚ್ಚರಿಕೆ. ನಾನು ಇನ್ನು ಕೌಂಟರಿನಲ್ಲಿ ಕೂರುವಂತಿಲ್ಲ, ರಿಜಿಸ್ಟರು ಮುಟ್ಟುವಂತಿಲ್ಲ. ಅದಕ್ಕೆ ಬೇರೆಯವರನ್ನು ಹಾಕುತ್ತಾರೆ. ನಿವೃತ್ತಿಯವರೆಗೆ ನನ್ನ ಕೆಲಸ ಓದುವ ಕೋಣೆಯಲ್ಲಿ, ಮೇಜಿನ ಮೇಲೆ ಬಿಟ್ಟ ಪುಸ್ತಕಗಳನ್ನು ಎತ್ತಿಡುವುದು ಮತ್ತು ಎಣಿಸುವುದು. 

ತಂಗಿಗೆ ಫೋನು ಮಾಡಿ ಹೇಳಿದೆ. ‘ಮೂವತ್ತು ವರ್ಷ ಮೆಟ್ಟಿಲು ಹತ್ತಿ ಶುರು ಮಾಡಿದಲ್ಲಿಗೇ ಬಂದ್ಯಲ್ಲೇ!’ ಎಂದಳು. ಆಮೇಲೆ ಅವಳ ದನಿ ಬದಲಾಯಿತು. ‘ಸೊಂಟದ ಪಟ್ಟಿ ಹೊಲಿದು ಕೊಡ್ತೀನಿ, ಬಿಡು.’

ನಿಮ್ಮ ಕಾರ್ಡಿಗೆ ರದ್ದು ಮುದ್ರೆಯನ್ನು ನಾನೇ ಒತ್ತಿದೆ. ಕೌಂಟರಿನಲ್ಲಿ ನಾನು ಒತ್ತಿದ ಕೊನೆಯ ಮುದ್ರೆ. ಹಿಂದಿನ ಬದಿಯ ನಿಮ್ಮ ಅಕ್ಷರದ ಮೇಲೆ ಮಸಿ ಬೀಳದ ಹಾಗೆ ಮೂಲೆಯಲ್ಲಿ ಒತ್ತಿದ್ದೇನೆ. ಕಾರ್ಡು ಈ ಕಾಗದದ ಜೊತೆ ಇದೆ, ಅದು ನಿಮ್ಮದು. ನಿಮ್ಮ ಹೆಸರನ್ನು ಕೇಳದೆ ಬಳಸಿದ್ದಕ್ಕೆ ಬೈಯಬೇಕೆನಿಸಿದರೆ ಬೈದು ಒಂದು ಸಾಲು ಬರೆಯಿರಿ. ನೀವು ಬೈದ ಕಾಗದವಾದರೂ ಕಾಗದವೇ.

ಅಂದು ಹೇಳಬೇಕಾದಲ್ಲಿ ನಿಯಮ ಹೇಳಿದ್ದೆ. ಇವತ್ತು ನನ್ನ ಹತ್ತಿರ ನಿಯಮವೇ ಇಲ್ಲ, ಆದ್ದರಿಂದ ಹೇಳುತ್ತೇನೆ. ಬನ್ನಿ. ನಿಮ್ಮ ತಂಗಿಯನ್ನು ನೋಡಿಕೊಳ್ಳುವುದರಲ್ಲಿ ಒಂದು ದಿನ ಬಿಡುವಾದರೆ, ಕಾಲಿಗೆ ಶಕ್ತಿಯಿದ್ದರೆ, ಒಂದು ಶನಿವಾರ ಐದೂವರೆಗೆ ಬನ್ನಿ. ಒಳಗೆ ಬಂದು ಕೂರುವುದಕ್ಕೆ ಕಾರ್ಡು ಬೇಡ. ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು, ಯಾರೂ ಕರೆಯದ ಆ ದ್ವೀಪದ ಪುಸ್ತಕವನ್ನು ತೆಗೆದು ಓದಿ. ಗಡುವು ಆರು ತಿಂಗಳು, ನೆನಪಿರಲಿ. ನನ್ನನ್ನು ಮಾತಾಡಿಸಲು ಸಂಕೋಚವಾದರೆ ಮಾತಾಡಿಸದೆಯೇ ಎದ್ದು ಹೋಗಿ. ಪುಸ್ತಕವನ್ನು ಮಾತ್ರ ಮೇಜಿನ ಮೇಲೆಯೇ ಬಿಡಿ. ರಟ್ಟು ಒರೆಸಿದೆಯೋ ಇಲ್ಲವೋ ನೋಡಿದರೆ ಸಾಕು, ಯಾರು ಬಂದಿದ್ದರೆಂದು ಗೊತ್ತಾಗುತ್ತದೆ. ಎತ್ತಿಡುವವಳು ನಾನೇ.

ನಿಮ್ಮ ಕಣ್ಣು ಕೊನೆಯ ಸಾಲಿನ ಸಣ್ಣ ಅಕ್ಷರಕ್ಕೂ ಸೋಲದಿರಲಿ. ನಿಮ್ಮ ತಂಗಿಯ ಮೈ ಹಗುರವಾಗಲಿ.

ಇಂತು, ನೀವು ‘ಇವರೇ’ ಎಂದು ಕರೆಯುತ್ತಿದ್ದ,
ಓದುವ ಕೋಣೆಯವಳು